ತಮ್ಮನ ಜೊತೆ ಜಗಳಕ್ಕೆ ಎರಡು ಕೋಟಿ ಪುಟ: ಕ್ರಾನಿಕ್ಲಿಂಗ್ ಅಮೆರಿಕ ಹೇಗಿದೆ?

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ 23 ಜನ ಇದ್ದೇವೆ. ಜಗಳ ಆಡುವವರು ಇಬ್ಬರೇ, ನಾನು ಮತ್ತು ನನ್ನ ತಮ್ಮ. ಉಳಿದವರು ಬೆಳಿಗ್ಗೆ ಗುಲಾಬಿ ಹೂವಿನ ಚಿತ್ರ ಕಳಿಸಿ ಸುಮ್ಮನಾಗುತ್ತಾರೆ. ಈ ಜಗಳಕ್ಕೆ ನನಗೆ ಸಿಕ್ಕ ಆಯುಧ ಕ್ರಾನಿಕ್ಲಿಂಗ್ ಅಮೆರಿಕ, ಅಮೆರಿಕದ ಹಳೇ ಪತ್ರಿಕೆಗಳನ್ನು ಫ್ರೀಯಾಗಿ ಓದುವ ಸೈಟು.

ನಾನು ತರೀಕೆರೆ ಕಡೆಯವಳು. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ರಿಟೈರ್ ಆದೆ. 2020ರ ಫೆಬ್ರವರಿಯಲ್ಲಿ ಮಗಳ ಬಾಣಂತನಕ್ಕೆ ಅಂತ ನ್ಯೂಜೆರ್ಸಿಯ ಪಾರ್ಸಿಪನಿಗೆ ಬಂದೆ. ಮಾರ್ಚ್‌ನಲ್ಲಿ ವಿಮಾನ ನಿಂತವು. ಆರು ತಿಂಗಳಿಗೆ ಅಂತ ತಂದ ಸಾಂಬಾರ್ ಪುಡಿ ಮುಗಿದರೂ ನಾನು ಇಲ್ಲೇ ಇದ್ದೆ. ತಮ್ಮ ಡಲ್ಲಾಸ್‌ನಲ್ಲಿ 30 ವರ್ಷದಿಂದ ಇದ್ದಾನೆ. ಅಮೆರಿಕದ ಇತಿಹಾಸ ತನ್ನ ಮನೆ ಹಿತ್ತಲು ಅನ್ನೋ ಹಾಗೆ ಮಾತಾಡುತ್ತಾನೆ.

ಶುರುವಾಗಿದ್ದು ಮಾಸ್ಕ್‌ನಿಂದ. ಅವನು ಒಂದು ಚಿತ್ರ ಹಾಕಿದ. ಬೆಂಜಮಿನ್ ಫ್ರಾಂಕ್ಲಿನ್ ಮುಖ, ಕೆಳಗೆ ಒಂದು ಮಾತು. ಸ್ವಲ್ಪ ದಿನದ ಸುರಕ್ಷತೆಗಾಗಿ ಮೂಲ ಸ್ವಾತಂತ್ರ್ಯವನ್ನೇ ಬಿಟ್ಟುಕೊಡುವವರು ಎರಡಕ್ಕೂ ಯೋಗ್ಯರಲ್ಲ ಅಂತ. "ನೋಡಕ್ಕ, ಈ ದೇಶ ಕಟ್ಟಿದವರೇ ಹೇಳಿದ್ದಾರೆ" ಅಂತ ಬರೆದ. ಪರೀಕ್ಷೆಯಲ್ಲಿ ಮಕ್ಕಳು "ಗಾಂಧೀಜಿ ಹೀಗೆಂದರು" ಅಂತ ಬರೆದರೆ "ಎಲ್ಲಿ? ಯಾವಾಗ?" ಅಂತ ಕೆಂಪು ಇಂಕಿನಲ್ಲಿ ಕೇಳಿದವಳು ನಾನು. ತಮ್ಮನನ್ನು ಬಿಡ್ತೀನಾ?

ಹಳೇ ಪತ್ರಿಕೆ ಹುಡುಕಲು ಹೊರಟೆ. ಮೊದಲು ಬಿದ್ದಿದ್ದು ದುಡ್ಡಿನ ಗುಂಡಿಗೆ. ಒಂದು ಕಂಪನಿ, ಹೆಸರು ಬೇಡ. ಏಳು ದಿನ ಫ್ರೀ ಅಂತ ಹೇಳಿ ಕಾರ್ಡ್ ನಂಬರ್ ತಗೊಂಡರು. ನನಗೆ ನೆನಪಾಗಿದ್ದು ಎಂಟನೇ ದಿನ. ಆರು ತಿಂಗಳ ಚಂದಾ ಕಟ್ ಆಗಿತ್ತು. ಕಾರ್ಡು ಅಳಿಯನದು. "ಪರವಾಗಿಲ್ಲ ಬಿಡಿ ಅತ್ತೆ" ಅಂದ. ಬೈದಿದ್ದರೆ ಮರೆತುಬಿಡುತ್ತಿದ್ದೆ.

ಆಮೇಲೆ ಮಗಳು ತೋರಿಸಿದ್ದು ಕ್ರಾನಿಕ್ಲಿಂಗ್ ಅಮೆರಿಕ. ಅಮೆರಿಕ ಸಂಸತ್ತಿನ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನವರದು. ನ್ಯಾಷನಲ್ ಎಂಡೋಮೆಂಟ್ ಫಾರ್ ದ ಹ್ಯುಮ್ಯಾನಿಟೀಸ್ ಅನ್ನುವ ಇನ್ನೊಂದು ಸರ್ಕಾರಿ ಸಂಸ್ಥೆ ದುಡ್ಡು ಕೊಡುತ್ತದೆ. ಒಂದೊಂದು ರಾಜ್ಯದ ಗ್ರಂಥಾಲಯ, ವಿಶ್ವವಿದ್ಯಾಲಯಗಳವರು ತಮ್ಮ ಊರುಗಳ ಪತ್ರಿಕೆಗಳ ಮೈಕ್ರೋಫಿಲ್ಮ್ ಸ್ಕ್ಯಾನ್ ಮಾಡಿ ಕಳಿಸುತ್ತಾರೆ. 2007ರಿಂದ ನಡೆಯುತ್ತಿದೆ. ಈಗ ಎರಡು ಕೋಟಿಗೂ ಮೀರಿ ಪುಟ ಇವೆ. ಲಾಗಿನ್ ಇಲ್ಲ, ಕಾರ್ಡ್ ಇಲ್ಲ, ಓಟಿಪಿ ಇಲ್ಲ. ತರೀಕೆರೆಯಲ್ಲಿ ಕೂತು ತೆರೆದರೂ ತೆರೆಯುತ್ತದೆ. ನನ್ನ ಅತ್ತಿಗೆ ತೆರೆದು ನೋಡಿದ್ದಾಳೆ.

ಮೊದಲ ದಿನ ನಾನು ಹಾಕಿದ ತಾರೀಕು 1918ರ ಸೆಪ್ಟೆಂಬರ್ 28. ಫಿಲಡೆಲ್ಫಿಯಾ. ಅವತ್ತು ಶನಿವಾರ. ಮೊದಲ ಮಹಾಯುದ್ಧದ ಸಾಲಪತ್ರ ಮಾರಲು ಲಿಬರ್ಟಿ ಲೋನ್ ಮೆರವಣಿಗೆ ನಡೆಸಿದರು. ಸ್ಪ್ಯಾನಿಷ್ ಫ್ಲೂ ಜ್ವರ ಊರೊಳಗೆ ಬಂದಾಗಿತ್ತು. ಆದರೂ ಬ್ರಾಡ್ ಸ್ಟ್ರೀಟಿನಲ್ಲಿ ಸುಮಾರು ಎರಡು ಲಕ್ಷ ಜನ ಸೇರಿದರು. ಆ ಊರಿನ ಈವನಿಂಗ್ ಪಬ್ಲಿಕ್ ಲೆಡ್ಜರ್ ಈ ಸೈಟಿನಲ್ಲಿ ದಿನದ ಲೆಕ್ಕದಲ್ಲಿ ಸಿಗುತ್ತದೆ. ಒಂದೊಂದೇ ದಿನ ಮುಂದಕ್ಕೆ ತಿರುವುತ್ತಾ ಹೋದೆ. ಯುದ್ಧ, ಯುದ್ಧ, ಕಾರ್ಸೆಟ್ ಜಾಹೀರಾತು, ಯುದ್ಧ. ಅಕ್ಟೋಬರ್ 3ಕ್ಕೆ ಶಾಲೆ, ಚರ್ಚು, ಥಿಯೇಟರ್ ಎಲ್ಲ ಮುಚ್ಚುವ ಆದೇಶ ಬಂತು. ಅಲ್ಲಿಂದ ಮುಂದೆ ಒಳಪುಟದ ಮರಣವಾರ್ತೆ ಕಾಲಂ ಉದ್ದವಾಗುತ್ತಾ ಹೋಗುತ್ತದೆ. ಬಹಳ ಸಣ್ಣ ಅಕ್ಷರ. ಜೂಮ್ ಮಾಡಿದಷ್ಟೂ ಹೆಸರು. ಐದಾರು ವಾರದಲ್ಲಿ ಆ ಊರಲ್ಲಿ 12,000ಕ್ಕೂ ಹೆಚ್ಚು ಜನ ಸತ್ತರು. ಈ ಸಂಖ್ಯೆಯನ್ನು ನಾನು ಮೊದಲೇ ಓದಿದ್ದೆ. ಓದುವುದು ಬೇರೆ, ಆ ಕಾಲಂ ಬೆರಳಲ್ಲಿ ಸರಿಸುತ್ತಾ ಇಳಿಯುವುದು ಬೇರೆ. ಮೊಮ್ಮಗು ಪಕ್ಕದಲ್ಲಿ ಮಲಗಿತ್ತು. ಲ್ಯಾಪ್‌ಟಾಪ್ ಮುಚ್ಚಿಟ್ಟೆ.

ಈಗ ಬಳಸುವ ಬಗ್ಗೆ. ಈ ಸೈಟಿಗೆ ನಮ್ಮ ಕಾಲದ ಮಾತು ಅರ್ಥವಾಗುವುದಿಲ್ಲ. "ಪ್ಯಾಂಡೆಮಿಕ್" ಅಂತ ಹೊಡೆದರೆ 1918ರಲ್ಲಿ ಸಿಗುವುದು ಕಡಿಮೆ. ಆಗ ಜನ ಅನ್ನುತ್ತಿದ್ದದ್ದು "ಎಪಿಡೆಮಿಕ್", "ಸ್ಪ್ಯಾನಿಷ್ ಇನ್ಫ್ಲುಯೆಂಜಾ", "ಗ್ರಿಪ್" ಅಂತ. ರಾಜ್ಯ, ಪತ್ರಿಕೆ, ತಾರೀಕು ಮೂರನ್ನೂ ಬಿಗಿ ಮಾಡಿಕೊಂಡು ಹುಡುಕಿ. ಇಲ್ಲದಿದ್ದರೆ ಸಂತೆಯಲ್ಲಿ ಮಗು ಹುಡುಕಿದ ಹಾಗೆ ಆಗುತ್ತದೆ. ಪುಟದ ಫೋಟೊ ನೋಡಿ ಅಕ್ಷರ ಗುರುತಿಸಿರುವುದು ಕಂಪ್ಯೂಟರ್. ಆದ್ದರಿಂದ ತಪ್ಪು ಇದ್ದೇ ಇರುತ್ತದೆ. 1700ರ ದಶಕಗಳ ಪತ್ರಿಕೆಯಲ್ಲಂತೂ ಪದದ ಕೊನೆಯದು ಬಿಟ್ಟು ಉಳಿದ ಎಸ್ ಅಕ್ಷರ ಎಫ್ ಥರ ಕಾಣುತ್ತದೆ. "ಸಿಕ್ನೆಸ್" ಅನ್ನುವುದು "ಫಿಕ್ನೆಫ್ಸ್" ಆಗಿ ಕೂತಿರುತ್ತದೆ. ಎರಡನ್ನೂ ಹಾಕಿ ನೋಡಬೇಕು. ಬೇಕಾದ ಚೂರನ್ನು ಕತ್ತರಿಸಿ ಇಟ್ಟುಕೊಳ್ಳುವ ಸೌಲಭ್ಯ ಇದೆ. ಜಗಳಕ್ಕೆ ಅದೇ ಮುಖ್ಯ, ಅಲ್ವಾ?

ಒಂದು ಸಲ ಸಿಗದೇ ಇದ್ದದ್ದೇ ನನಗೆ ದೊಡ್ಡ ಉತ್ತರವಾಯಿತು. 1793ರಲ್ಲಿ ಫಿಲಡೆಲ್ಫಿಯಾ ದೇಶದ ರಾಜಧಾನಿ. ಹಳದಿ ಜ್ವರ ಬಂತು. ಸುಮಾರು 50,000 ಜನರ ಊರಲ್ಲಿ 5,000 ಜನ ಸತ್ತರು. ಆಗಿನ ಗೆಜೆಟ್ ಆಫ್ ದ ಯುನೈಟೆಡ್ ಸ್ಟೇಟ್ಸ್ ಪತ್ರಿಕೆ ಈ ಸೈಟಿನಲ್ಲಿದೆ. ಸೆಪ್ಟೆಂಬರ್ ತಿರುವುತ್ತಾ ಹೋದೆ. ಅರ್ಧಕ್ಕೆ ನಿಂತಿತು. ಸ್ಕ್ಯಾನ್ ಮಾಡುವಾಗ ಬಿಟ್ಟಿದ್ದಾರೆ ಅಂದುಕೊಂಡೆ. ಬಿಟ್ಟಿರಲಿಲ್ಲ. ಜ್ವರಕ್ಕೆ ಪತ್ರಿಕೆಯೇ ನಿಂತುಹೋಗಿತ್ತು. ಮತ್ತೆ ಶುರುವಾಗಿದ್ದು ಡಿಸೆಂಬರ್‌ನಲ್ಲಿ.

ಆ ಜ್ವರದ ಔಷಧಿಗೂ ಪಕ್ಷ ಇತ್ತು. ಡಾಕ್ಟರ್ ಬೆಂಜಮಿನ್ ರಷ್ ರಕ್ತ ತೆಗೆಯಬೇಕು ಅನ್ನುತ್ತಿದ್ದರು, ಅದೂ ಚೊಂಬುಗಟ್ಟಲೆ. ಖಜಾನೆ ಮಂತ್ರಿ ಹ್ಯಾಮಿಲ್ಟನ್‌ಗೂ ಜ್ವರ ಬಂತು. ಅವರ ಸ್ನೇಹಿತ ಡಾಕ್ಟರ್ ಸ್ಟೀವನ್ಸ್ ಸಿಂಕೋನಾ ತೊಗಟೆ, ತಣ್ಣೀರು ಸ್ನಾನ ಅಂತ ಮೆತ್ತಗಿನ ಚಿಕಿತ್ಸೆ ಕೊಟ್ಟರು. ಹ್ಯಾಮಿಲ್ಟನ್ ಬದುಕಿದರು, ಅದನ್ನು ಹೊಗಳಿ ಎಲ್ಲರಿಗೂ ತಿಳಿಯುವ ಹಾಗೆ ಬರೆದರು. ಶುರುವಾಯ್ತು ನೋಡಿ. ಹ್ಯಾಮಿಲ್ಟನ್ ಕಡೆಯವರಿಗೆ ತೊಗಟೆ, ಎದುರು ಪಕ್ಷದ ಜೆಫರ್ಸನ್ ಕಡೆಯವರಿಗೆ ರಷ್ ಡಾಕ್ಟರ ರಕ್ತ. ಇದನ್ನು ತಮ್ಮನಿಗೆ ಕಳಿಸಿದೆ. ಅವನು 2020ರ ಏಪ್ರಿಲ್‌ನಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಅನ್ನುವ ಮಲೇರಿಯಾ ಮಾತ್ರೆಯ ಭಕ್ತ. ಟ್ರಂಪ್ ಕೇಳಿದರು, ಇಂಡಿಯಾ ಕಳಿಸಿತು, ಇನ್ನೇನು ಬೇಕು ಅನ್ನುತ್ತಿದ್ದ. ಸಿಂಕೋನಾ ತೊಗಟೆಯಿಂದಲೇ ಮಲೇರಿಯಾದ ಹಳೇ ಔಷಧಿ ಕ್ವಿನೈನ್ ಬರುವುದು ಅಂತ ಅವನಿಗೂ ಗೊತ್ತು. "ನೋಡಿದ್ಯಾ, ಹ್ಯಾಮಿಲ್ಟನ್ನೂ ನನ್ನ ಪಾರ್ಟಿ" ಅಂತ ಉತ್ತರ ಬಂತು. ನಾನು ಹೊಡೆದ ಕಲ್ಲು ನನ್ನ ಅಂಗಳಕ್ಕೇ ಬಿತ್ತು.

ಫ್ರಾಂಕ್ಲಿನ್ ಮಾತಿಗೆ ಬರುತ್ತೇನೆ. ಅದು ಕ್ರಾನಿಕ್ಲಿಂಗ್ ಅಮೆರಿಕದಲ್ಲಿ ಸಿಗಲಿಲ್ಲ. ಅಷ್ಟು ಹಳೆಯದಕ್ಕೆ ಫೌಂಡರ್ಸ್ ಆನ್‌ಲೈನ್ ಅಂತ ಇನ್ನೊಂದಿದೆ, ನ್ಯಾಷನಲ್ ಆರ್ಕೈವ್ಸ್‌ನವರದು. ಅದೂ ಫ್ರೀ. ಮಾತು ಸುಳ್ಳಲ್ಲ, ನಿಜಕ್ಕೂ ಫ್ರಾಂಕ್ಲಿನ್‌ದೇ. 1755ರ ನವೆಂಬರ್, ಪೆನ್ಸಿಲ್ವೇನಿಯಾ ಶಾಸನಸಭೆಯ ಪರವಾಗಿ ಗವರ್ನರಿಗೆ ಬರೆದ ಉತ್ತರ. ಜಗಳ ಯಾವುದಕ್ಕೆ ಗೊತ್ತಾ? ತೆರಿಗೆಗೆ. ಗಡಿಯಲ್ಲಿ ಯುದ್ಧ. ಊರು ಕಾಯಲು ದುಡ್ಡು ಬೇಕು. ಆ ಸೀಮೆಯ ಒಡೆಯರಾದ ಪೆನ್ ಮನೆತನದ ಜಮೀನಿಗೂ ತೆರಿಗೆ ಹಾಕುತ್ತೇವೆ ಅಂತ ಸಭೆ, ಆಗಲ್ಲ ಅಂತ ಗವರ್ನರ್. ಅಂದರೆ ಫ್ರಾಂಕ್ಲಿನ್ ಕೇಳುತ್ತಿದ್ದದ್ದು ಊರಿನ ರಕ್ಷಣೆಗೆ ದೊಡ್ಡ ಜಮೀನುದಾರರ ಮೇಲೆ ತೆರಿಗೆ ಹಾಕುವ ಹಕ್ಕು!

ಅಲ್ಲೇ ಇನ್ನೊಂದು ಸಿಕ್ಕಿತು. ಅದನ್ನು ಹುಡುಕಿ ಹೋಗಿರಲಿಲ್ಲ. 1736ರಲ್ಲಿ ಫ್ರಾಂಕ್ಲಿನ್‌ರ ನಾಲ್ಕು ವರ್ಷದ ಮಗ ಸಿಡುಬಿಗೆ ಸತ್ತ. ದಾಕು ಹಾಕಿಸಿದ್ದಕ್ಕೇ ಮಗು ಸತ್ತಿತು ಅಂತ ಊರಲ್ಲಿ ಗಾಳಿಸುದ್ದಿ. ಅದಕ್ಕೆ ಫ್ರಾಂಕ್ಲಿನ್ ತಮ್ಮದೇ ಪೆನ್ಸಿಲ್ವೇನಿಯಾ ಗೆಜೆಟ್‌ನಲ್ಲಿ ಡಿಸೆಂಬರ್ 30ಕ್ಕೆ ಪ್ರಕಟಣೆ ಹಾಕಿದರು. ಮಗುವಿಗೆ ದಾಕು ಹಾಕಿಸಿರಲಿಲ್ಲ, ಭೇದಿಯಾಗಿತ್ತು, ವಾಸಿಯಾದ ಮೇಲೆ ಹಾಕಿಸಬೇಕೆಂದಿದ್ದೆವು, ಅಷ್ಟರಲ್ಲಿ ಸಿಡುಬು ಬಂತು ಅಂತ. ಮಗ ಹೋಗಿ ಆರು ವಾರ ಆಗಿರಲಿಲ್ಲ, ಅಪ್ಪ ಕೂತು ಅಚ್ಚಿನ ಮೊಳೆ ಜೋಡಿಸಿ ಗಾಳಿಸುದ್ದಿಗೆ ಉತ್ತರ ಕೊಡಬೇಕಾಗಿತ್ತು. ಹಾಕಿಸದೇ ಹೋದೆನಲ್ಲ ಅನ್ನುವ ಕೊರಗನ್ನು ಆತ್ಮಕಥೆಯಲ್ಲೂ ಬರೆದಿದ್ದಾರೆ. ಇದನ್ನು ಗುಂಪಿಗೆ ಹಾಕಿದೆ. ಎಂದೂ ಮಾತಾಡದ ನಮ್ಮ ಚಿಕ್ಕಮ್ಮ "ಪಾಪ" ಅಂತ ಬರೆದರು. ತಮ್ಮ ಅವತ್ತು ಏನೂ ಬರೆಯಲಿಲ್ಲ.

ಮಾರನೇ ದಿನ ಹೊಸ ಬಾಣ. "ಸರ್ಕಾರ ಬಲವಂತವಾಗಿ ಸೂಜಿ ಚುಚ್ಚೋದು ಈ ದೇಶದ ಪದ್ಧತಿಯೇ ಅಲ್ಲ." ಅಯ್ಯೋ, ಇದಕ್ಕೆ ನಾನು ಲ್ಯಾಪ್‌ಟಾಪ್ ಕೂಡ ತೆರೆಯಬೇಕಾಗಿರಲಿಲ್ಲ. ನಮ್ಮ ಮನೆಯಿಂದ ಮಾರಿಸ್‌ಟೌನ್‌ಗೆ ಕಾರಲ್ಲಿ ಕಾಲು ಗಂಟೆ. 1777ರ ಚಳಿಗಾಲ ವಾಷಿಂಗ್ಟನ್ ಸೈನ್ಯ ಬೀಡು ಬಿಟ್ಟಿದ್ದು ಅಲ್ಲೇ. ಅವರಿಗೆ 19ನೇ ವಯಸ್ಸಿನಲ್ಲಿ ಬಾರ್ಬಡೋಸ್‌ನಲ್ಲಿ ಸಿಡುಬು ಬಂದು ಹೋಗಿತ್ತು. ಹಿಂದಿನ ವರ್ಷ ಕ್ವಿಬೆಕ್‌ನಲ್ಲಿ ಅದೇ ರೋಗ ಸೈನ್ಯವನ್ನು ಮುರಿದಿತ್ತು. ಫೆಬ್ರವರಿ 6ಕ್ಕೆ ಡಾಕ್ಟರ್ ಶಿಪ್ಪನ್‌ಗೆ ಪತ್ರ ಬರೆದರು. ಸೈನಿಕರಿಗೆಲ್ಲ ದಾಕು ಹಾಕಿಸಿ, ರೋಗ ತಾನಾಗಿ ಹರಡಿದರೆ ಶತ್ರುವಿನ ಕತ್ತಿಗಿಂತ ಇದಕ್ಕೇ ಜಾಸ್ತಿ ಹೆದರಬೇಕಾಗುತ್ತದೆ ಅಂತ. ಆಗಿನ್ನೂ ಜೆನ್ನರ್ ಲಸಿಕೆ ಇಲ್ಲ, ಅದು ಬಂದಿದ್ದು 1796ರಲ್ಲಿ. ಸಿಡುಬಿನ ಕೀವನ್ನೇ ತೋಳು ಗೀರಿ ಹಚ್ಚುತ್ತಿದ್ದರು. ಮಾರಿಸ್‌ಟೌನ್‌ನ ಚರ್ಚುಗಳೇ ಸಿಡುಬಿನ ಆಸ್ಪತ್ರೆಗಳಾದವು. ಅಂಥ ಒಂದು ಚರ್ಚಿನ ಎದುರಿನ ಗ್ರೀನ್ ಅನ್ನುವ ಪಾರ್ಕಿನಲ್ಲಿ ನಾನು ಮೊಮ್ಮಗುವನ್ನು ಗಾಡಿಯಲ್ಲಿ ತಳ್ಳಿಕೊಂಡು ಓಡಾಡಿದ್ದೇನೆ.

"ಅದು ಮಿಲಿಟರಿ ಅಕ್ಕ. ಮಿಲಿಟರಿಯಲ್ಲಿ ಊಟ ಮಾಡು ಅಂದ್ರೂ ಆರ್ಡರ್ರೇ" ಅಂದ.

ಸರಿ, ಜಾಕಬ್ಸನ್ ಕೇಸು ತೆಗೆದೆ. ಮ್ಯಾಸಚೂಸೆಟ್ಸ್‌ನ ಕೇಂಬ್ರಿಡ್ಜ್, 1902. ಊರಲ್ಲಿ ಸಿಡುಬು. ಎಲ್ಲರೂ ಲಸಿಕೆ ಹಾಕಿಸಿಕೊಳ್ಳಿ, ಇಲ್ಲದಿದ್ದರೆ 5 ಡಾಲರ್ ದಂಡ. ಹೆನ್ನಿಂಗ್ ಜಾಕಬ್ಸನ್ ಅನ್ನುವ ಸ್ವೀಡನ್ ಮೂಲದ ಪಾದ್ರಿ ಒಪ್ಪಲಿಲ್ಲ. ಸಣ್ಣವನಿದ್ದಾಗ ಹಾಕಿಸಿಕೊಂಡು ಬಹಳ ನರಳಿದ್ದೆ ಅಂದರು. ಸುಪ್ರೀಂ ಕೋರ್ಟಿನವರೆಗೆ ಹೋದರು. 1905ರ ಫೆಬ್ರವರಿ 20ಕ್ಕೆ ಏಳಕ್ಕೆ ಎರಡು ಮತದಲ್ಲಿ ಸೋತರು. ಕ್ರಾನಿಕ್ಲಿಂಗ್ ಅಮೆರಿಕದಲ್ಲಿ 1902ರಿಂದ 1905ರವರೆಗೆ "ವ್ಯಾಕ್ಸಿನೇಷನ್" ಅಂತ ಹುಡುಕಿ ನೋಡಿ. ಸುದ್ದಿ, ಸಂಪಾದಕರಿಗೆ ಪತ್ರ, ವ್ಯಂಗ್ಯ. ತಾರೀಕು ಮುಚ್ಚಿ ಓದಿದರೆ ನಮ್ಮ ವಾಟ್ಸಾಪ್ ಗುಂಪೇ.

ತಮ್ಮ ಎರಡು ದಿನ ಬಿಟ್ಟು ಬಂದ. ತಯಾರಾಗೇ ಬಂದಿದ್ದ. "ಒಂದು, ಜಾಕಬ್ಸನ್ 5 ಡಾಲರ್ ಬಿಸಾಕಿ ಮನೆಗೆ ಹೋದ, ಅವನ ಕೈ ಹಿಡಿದು ಯಾರೂ ಚುಚ್ಚಲಿಲ್ಲ. ಎರಡು, ಬಕ್ ವರ್ಸಸ್ ಬೆಲ್ ಓದು." ಓದಿದೆ. 1927, ವರ್ಜೀನಿಯಾ. ಕ್ಯಾರಿ ಬಕ್ ಅನ್ನುವ ಹುಡುಗಿಯನ್ನು ಬುದ್ಧಿಮಾಂದ್ಯಳು ಅಂತ ಹೇಳಿ ಮಕ್ಕಳಾಗದ ಹಾಗೆ ಆಪರೇಷನ್ ಮಾಡಬಹುದು ಅಂತ ಅದೇ ಸುಪ್ರೀಂ ಕೋರ್ಟ್ ಎಂಟಕ್ಕೆ ಒಂದರಲ್ಲಿ ಹೇಳಿತು. ಆಧಾರಕ್ಕೆ ಜಸ್ಟಿಸ್ ಹೋಮ್ಸ್ ತೆಗೆದುಕೊಂಡಿದ್ದು ಇದೇ ಜಾಕಬ್ಸನ್ ತೀರ್ಪು. ಲಸಿಕೆಗೆ ಒಪ್ಪುವ ತತ್ವ ಇದಕ್ಕೂ ಸಾಕು ಅಂತ. ನಾನು ಹೆಮ್ಮೆಯಿಂದ ಹಿಡಿದುಕೊಂಡು ಓಡಾಡುತ್ತಿದ್ದ ತೀರ್ಪಿನ ಮಗು ಅದು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಹಾಗಂತ ನಾನು ಲಸಿಕೆ ಪಕ್ಷ ಬಿಡಲಿಲ್ಲ. ಆದರೆ ಜಾಕಬ್ಸನ್ ಹೆಸರು ಹೇಳುವಾಗ ದನಿ ತಗ್ಗಿತು. 2022ರ ಜನವರಿಯಲ್ಲಿ ದೊಡ್ಡ ಕಂಪನಿಗಳ ನೌಕರರಿಗೆ ಲಸಿಕೆ ಇಲ್ಲವೇ ಟೆಸ್ಟ್ ಅನ್ನುವ ನಿಯಮಕ್ಕೆ ಕೋರ್ಟು ತಡೆ ಹಾಕಿ, ಅದೇ ದಿನ ಆಸ್ಪತ್ರೆ ಸಿಬ್ಬಂದಿಗೆ ಲಸಿಕೆ ಕಡ್ಡಾಯ ಮಾಡಬಹುದು ಅಂದಾಗ ಇಬ್ಬರೂ ನಾನೇ ಗೆದ್ದೆ ಅಂತ ಬರೆದುಕೊಂಡೆವು.

ನಾನು ಪೂರ್ತಿ ಸೋತಿದ್ದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. 1918ರಲ್ಲಿ ಮಾಸ್ಕ್ ಹಾಕಿದ್ದಕ್ಕೇ ಆ ಊರು ಬದುಕಿತು ಅಂತ ಎಲ್ಲೋ ಓದಿದ್ದನ್ನು ಜೋರಾಗಿ ಬರೆದೆ. "ಎಲ್ಲಿ? ಯಾವಾಗ? ಪೇಪರ್ ಕಟಿಂಗ್ ಹಾಕು" ಅಂದ. ನನ್ನ ಕೆಂಪು ಇಂಕು ನನಗೇ. ಇಲ್ಲಿ ಈ ಸೈಟಿನ ಒಂದು ಮಿತಿ ಹೇಳಬೇಕು. ಎಲ್ಲ ಊರಿನ ಎಲ್ಲ ಪತ್ರಿಕೆಯೂ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಕಾಲ್ ಪತ್ರಿಕೆ 1913ಕ್ಕೇ ಮುಗಿಯುತ್ತದೆ. ಹಾಗಾಗಿ ಮಿಷಿಗನ್ ವಿಶ್ವವಿದ್ಯಾಲಯದವರು ಮಾಡಿರುವ ಇನ್ಫ್ಲುಯೆಂಜಾ ಎನ್‌ಸೈಕ್ಲೋಪೀಡಿಯಾಗೆ ಹೋದೆ. ಅಮೆರಿಕದ 50 ಊರುಗಳ 1918ರ ಕಥೆ ಅಲ್ಲಿದೆ, ಇದೂ ಫ್ರೀ. ಕಥೆ ಹೀಗಿದೆ. ಅಕ್ಟೋಬರ್‌ನಲ್ಲಿ ಮಾಸ್ಕ್ ಕಡ್ಡಾಯ. ನವೆಂಬರ್ 21ರ ಮಧ್ಯಾಹ್ನ ಸೀಟಿ ಊದಿದ ಕೂಡಲೇ ಜನ ಬೀದಿಯಲ್ಲೇ ಮಾಸ್ಕ್ ಕಿತ್ತೆಸೆದರು. ಜನವರಿಯಲ್ಲಿ ಮತ್ತೆ ಕಡ್ಡಾಯ. ಆಗ ಆ್ಯಂಟಿ ಮಾಸ್ಕ್ ಲೀಗ್ ಅಂತ ಹುಟ್ಟಿ ಡ್ರೀಮ್‌ಲ್ಯಾಂಡ್ ರಿಂಕ್‌ನಲ್ಲಿ ಸಭೆ ಸೇರಿತು. ಮುಂದೆ ನಿಂತವರು ಒಬ್ಬ ಹೆಂಗಸು, ಮಿಸೆಸ್ ಹ್ಯಾರಿಂಗ್ಟನ್. ಮೇಯರ್ ರಾಲ್ಫ್ ಮತ್ತು ಆರೋಗ್ಯಾಧಿಕಾರಿ ಹ್ಯಾಸ್ಲರ್ ಇಬ್ಬರೂ ಬಾಕ್ಸಿಂಗ್ ನೋಡಲು ಹೋಗಿ ಮಾಸ್ಕ್ ಇಲ್ಲದೆ ಫೋಟೊಗೆ ಸಿಕ್ಕಿಬಿದ್ದರು. ದಂಡ ಕಟ್ಟಿದರು. ಈ ಕಾಲದವರು ಯಾರಾದರೂ ನೆನಪಾದರೆ ನನ್ನ ತಪ್ಪಲ್ಲ.

ಆದರೆ ಊರು ಬದುಕಲಿಲ್ಲ. ದೊಡ್ಡ ಊರುಗಳಲ್ಲಿ ಬಹಳ ಪೆಟ್ಟು ತಿಂದವುಗಳ ಸಾಲಿಗೇ ಸೇರುತ್ತದೆ. ಕ್ಯಾಲಿಫೋರ್ನಿಯಾ ಆರೋಗ್ಯ ಮಂಡಳಿಯ ಡಾಕ್ಟರ್ ಕೆಲ್ಲಾಗ್ ಆಮೇಲೆ ಪರೀಕ್ಷೆ ಮಾಡಿ, ಆ ತೆಳು ಜಾಲರಿ ಬಟ್ಟೆಯ ಮಾಸ್ಕ್‌ನಿಂದ ನಿರೀಕ್ಷಿಸಿದ ಉಪಯೋಗ ಆಗಲಿಲ್ಲ ಅಂತಲೇ ಬರೆದರು. ನಾನು ಪ್ರಾಮಾಣಿಕವಾಗಿ ಹಾಕಿದೆ. "ನೀನೇ ಗೆದ್ದೆ ಮಾರಾಯ." ಲಡ್ಡು ಚಿತ್ರ ಬಂತು. "ಹಾಗಾದ್ರೆ ಮಾಸ್ಕ್ ಪೂರ್ತಿ ವೇಸ್ಟು" ಅಂತಲೂ ಬಂತು. ಮಜ್ಜಿಗೆ ಸೋಸುವ ಬಟ್ಟೆಗೂ ಎನ್95ಗೂ ವ್ಯತ್ಯಾಸ ಇಲ್ಲವೇನೋ ಅಂತ ನಾನು ಶುರುಮಾಡಿದೆ. ಅಡುಗೆಮನೆಯಲ್ಲಿ ಹಾಲು ಉಕ್ಕಿತು.

ಯಾರಿಗೆ ಈ ಸೈಟು? ಇಂಗ್ಲಿಷ್ ಓದಬಲ್ಲ, ತಾಳ್ಮೆ ಇರುವ, ಸೋತರೆ ಒಪ್ಪಿಕೊಳ್ಳುವ ಧೈರ್ಯ ಇರುವವರಿಗೆ. ಫೋನಲ್ಲಿ ಓದುವ ಸಾಹಸ ಬೇಡ. ಏಳೆಂಟು ಕಾಲಂನ ಪುಟ ಅಂಗೈ ಅಗಲದಲ್ಲಿ ಓದಿದರೆ ತಲೆನೋವು ಗ್ಯಾರಂಟಿ. ಜಾಹೀರಾತುಗಳನ್ನು ಬಿಡಬೇಡಿ. 1918ರ ಚಳಿಗಾಲದ ವಿಕ್ಸ್ ವೇಪೋರಬ್ ಜಾಹೀರಾತು ನೋಡಿ ನನಗೆ ಊರಿನ ಮನೆಯ ಗೂಡಲ್ಲಿದ್ದ ನೀಲಿ ಡಬ್ಬಿ ನೆನಪಾಯಿತು. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದಿದ್ದು ಸ್ಯಾನ್ ಫ್ರಾನ್ಸಿಸ್ಕೊಗೆ, ಸ್ವಲ್ಪ ಹೊಟ್ಟೆಕಿಚ್ಚಿಗೆ.

ಹೋದ ವಾರ ತಮ್ಮನಿಗೆ ಒಂದು ಪ್ರಶ್ನೆ ಕೇಳಿದೆ. "ನಿನ್ನ ಎಡತೋಳಲ್ಲಿ ಇರುವ ಗುರುತು ಏನೋ?" ನನಗೂ ಇದೆ. 1970ರ ಸುಮಾರು. ಶಾಲೆಗೆ ದಾಕು ಹಾಕುವವರು ಬಂದಿದ್ದರು. ಚರ್ಮದ ಮೇಲೆ ಒತ್ತಿ ತಿರುಗಿಸುವ ಮುಳ್ಳಿನ ಬಿಲ್ಲೆ ಅವರ ಕೈಯಲ್ಲಿ. ತಮ್ಮ ಕಿಟಕಿ ಹಾರಿ ಓಡಿದ. ಅಡಿಕೆ ಬೇಯಿಸುವ ಕೊಟ್ಟಿಗೆಯ ಅಟ್ಟದಲ್ಲಿ, ಗೋಣಿಚೀಲದ ಹಿಂದೆ ಸಿಕ್ಕ. ಅಪ್ಪ ಕಿವಿ ಹಿಡಿದು ಎಳೆದುಕೊಂಡು ಬಂದರು.

ಉತ್ತರ ರಾತ್ರಿ ಹನ್ನೊಂದಕ್ಕೆ ಬಂತು. "ಜಾಕಬ್ಸನ್ ಕೈಯನ್ನ ಯಾರೂ ಹಿಡೀಲಿಲ್ಲ ಅಕ್ಕ. ನನ್ನ ಕೈ ಹಿಡಿದಿದ್ದು ನೀನು."

ಅದು ನಿಜವೋ ಅಂತ ಎರಡು ದಿನ ಯೋಚಿಸಿದೆ. ಅವನ ಅಂಗಿ ತೋಳು ಮಡಿಸಿದ್ದು ಮಾತ್ರ ನೆನಪಿದೆ. ಆ ದಿನದ್ದು ಈ ಸೈಟಿನಲ್ಲಿ ಹುಡುಕುವಂತಿಲ್ಲ. 1963ಕ್ಕೇ ನಿಲ್ಲುತ್ತದೆ, ಅದೂ ಅಮೆರಿಕದ್ದು.